ಅಂಕಿಯ ಸಾಕ್ಷ್ಯ: ಅಪಾಯಕರ ರಕ್ತದೊತ್ತಡದ ಚಿಕಿತ್ಸೆಯ ಚರಿತ್ರೆಯನ್ನು ಕುರಿತು ಒಂದು ವಿಮರ್ಶೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೈದ್ಯರೇ ಆಗಿದ್ದಾರೆ. ಇತಿಹಾಸದ ಅಭ್ಯಾಸಿಗಳು ಆ ಕ್ಷೇತ್ರದ ಹೊಸ್ತಿಲವರೆಗೆ ಬಂದು ಹಿಂದಿರುಗುವುದೇ ವಾಡಿಕೆ. ರೋಗನಿದಾನ, ಔಷಧದ ಪ್ರಮಾಣ ಮೊದಲಾದ ವಿಷಯಗಳಲ್ಲಿ ಇತಿಹಾಸಕಾರನಿಗೆ ಅಧಿಕಾರವಿಲ್ಲವೆಂಬುದನ್ನು ಒಪ್ಪಲೇಬೇಕು. ಆದರೆ ಸಾಕ್ಷ್ಯವನ್ನು ಓದುವ ಕ್ರಮ ಯಾವುದು ಎಂಬ ಪ್ರಶ್ನೆ ಬಂದಾಗ ಅವನು ಸುಮ್ಮನಿರಬೇಕಾಗಿಲ್ಲ. ಶಾಸನವೊಂದು ದೊರೆತರೆ ಅದರ ಕಾಲವೇನು, ಬರೆಯಿಸಿದವರು ಯಾರು, ಕಲ್ಲು ಮೂಲಸ್ಥಾನದಲ್ಲಿಯೇ ಇದೆಯೋ ಬೇರೆಡೆಯಿಂದ ತಂದು ನಿಲ್ಲಿಸಿದುದೋ ಎಂಬುದನ್ನು ವಿಚಾರಿಸದೆ ಅದರ ಪಾಠವನ್ನು ಸ್ವೀಕರಿಸಬಾರದೆಂದು ನಾವು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲಿಯೇ ಹೇಳಿಕೊಡುತ್ತೇವೆ. ರಕ್ತದೊತ್ತಡದ ಅಂಕಿಯೂ ಇಂಥದೇ ಒಂದು ಸಾಕ್ಷ್ಯ. ಅದು ಯಾರ ದೇಹದ ಅಂಕಿ, ಯಾವ ಗಳಿಗೆಯದು, ಅದಕ್ಕೆ ಮುಂಚೆ ಎಷ್ಟಿತ್ತು ಎಂಬುದು ತಿಳಿಯದಿದ್ದರೆ ಅದರಿಂದ ಯಾವ ನಿರ್ಣಯಕ್ಕೂ ಬರಲಾಗದು.

ತೀವ್ರ ಅಸ್ವಸ್ಥರಾದ ರೋಗಿಗಳಲ್ಲಿ ರಕ್ತದೊತ್ತಡವು ಅಪಾಯದ ಮಟ್ಟಕ್ಕೇರಿದಾಗ ಅದನ್ನು ನಿರ್ವಹಿಸುವ ಬಗೆಗೆ ಕಳೆದ ನೂರು ವರ್ಷಗಳಲ್ಲಿ ನಡೆದ ಪ್ರಯತ್ನಗಳ ಕಥೆಯನ್ನು ಸಾಮಾನ್ಯವಾಗಿ ಒಂದೇ ಮಾದರಿಯಲ್ಲಿ ಹೇಳಲಾಗುತ್ತದೆ. ಮೊದಲು ಅಜ್ಞಾನದ ಕಾಲ, ಆಮೇಲೆ ಒಂದೊಂದಾಗಿ ಔಷಧಗಳ ಆಗಮನ, ಪ್ರತಿಯೊಂದು ಔಷಧವೂ ಹಿಂದಿನದಕ್ಕಿಂತ ಪ್ರಬಲ, ಕೊನೆಗೆ ವಿಜಯ. ಕನ್ನಡದ ಆರೋಗ್ಯಲೇಖನಗಳಲ್ಲಿ ಈ ಕಥೆಗೆ ಸರ್ಪಗಂಧದ ಹೆಮ್ಮೆಯ ಅಧ್ಯಾಯವೊಂದು ಸೇರಿರುತ್ತದೆ. ಈ ಮಾದರಿಯು ಅಸತ್ಯವೆಂದು ಹೇಳುವಂತಿಲ್ಲ. ಆದರೆ ಅದು ಮುಖ್ಯವಾದುದನ್ನೇ ಮರೆಮಾಡುತ್ತದೆ. ಈ ಚರಿತ್ರೆಯಲ್ಲಿ ನಡೆದ ದೊಡ್ಡ ಪ್ರಮಾದಗಳು ಔಷಧದ ಅಭಾವದಿಂದ ಮಾತ್ರ ಆದುವಲ್ಲ. ಅಂಕಿಯನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ಓದಿದುದರಿಂದಲೂ ಆದುವು. ಒಂದು ಕಾಲದಲ್ಲಿ ಈ ತಪ್ಪು ಉದಾಸೀನದ ರೂಪದಲ್ಲಿ ಕಾಣಿಸಿಕೊಂಡಿತು. ಇನ್ನೊಂದು ಕಾಲದಲ್ಲಿ ಆತುರದ ರೂಪದಲ್ಲಿ.

ಉದಾಸೀನದ ಕಾಲವನ್ನು ಮೊದಲು ನೋಡೋಣ. 1733ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸ್ಟೀಫನ್ ಹೇಲ್ಸ್ ಎಂಬ ಆಂಗ್ಲ ಪಾದ್ರಿಯು ಕುದುರೆಯ ಧಮನಿಗೆ ನಳಿಕೆಯನ್ನು ಸೇರಿಸಿ ರಕ್ತವು ಎಷ್ಟು ಎತ್ತರಕ್ಕೆ ಏರುತ್ತದೆಂಬುದನ್ನು ಅಳೆದುದನ್ನು ವರ್ಣಿಸಿದನು. ಮನುಷ್ಯನ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸಾಧನವನ್ನು 1896ರಲ್ಲಿ ಇಟಲಿಯ ರಿವಾ-ರೋಚಿ ರೂಪಿಸಿದನು. ರಷ್ಯದ ಕೊರೊಟ್ಕಾಫ್ 1905ರಲ್ಲಿ ಪಟ್ಟಿಯ ಕೆಳಗೆ ಕೇಳಿಬರುವ ಸಪ್ಪಳಗಳಿಂದ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳನ್ನು ಗುರುತಿಸುವ ಕ್ರಮವನ್ನು ತಿಳಿಸಿದನು. ಹೀಗೆ ಅಂಕಿಯೇನೋ ಕೈಗೆ ಬಂದಿತು. ಅದರ ಅರ್ಥ ಬರಲಿಲ್ಲ. ಗಡುಸಾದ ಧಮನಿಗಳ ಮೂಲಕ ರಕ್ತವನ್ನು ಸಾಗಿಸಲು ದೇಹವು ತಾನಾಗಿ ಒತ್ತಡವನ್ನು ಏರಿಸಿಕೊಂಡಿರುವುದರಿಂದ ಅದನ್ನು ಇಳಿಸಲು ಹೋಗುವುದೇ ಅಪಾಯವೆಂದು ಆ ಕಾಲದ ಹಿರಿಯ ವೈದ್ಯರು ಬಗೆದರು. ಲಿವರ್‌ಪೂಲಿನ ಪ್ರಾಧ್ಯಾಪಕ ಜಾನ್ ಹೇ 1931ರಲ್ಲಿ ಈ ಮತವನ್ನು ತೀಕ್ಷ್ಣವಾದ ವ್ಯಂಗ್ಯದೊಡನೆ ಪ್ರತಿಪಾದಿಸಿದನು. ಇಂದಿನ ಬರೆಹಗಾರರು ಅವನ ಮಾತನ್ನು ಹಳೆಯ ಕಾಲದ ಮೌಢ್ಯದ ಮಾದರಿಯೆಂದು ಉದ್ಧರಿಸಿ ನಗುವುದುಂಟು. ಈ ನಗೆ ಅವಸರದ್ದು. ಒತ್ತಡವನ್ನು ಹಠಾತ್ತನೆ ಇಳಿಸಿದರೆ ಅಂಗಾಂಗಗಳಿಗೆ ರಕ್ತ ಸಾಲದಾಗಬಹುದೆಂಬ ಅವರ ಭಯಕ್ಕೆ ಆಧಾರವಿತ್ತೆಂಬುದು ನಾಲ್ಕು ದಶಕಗಳ ಬಳಿಕ ಸ್ಪಷ್ಟವಾಯಿತು. ಅವರು ಎಡವಿದುದು ಎಲ್ಲ ರೋಗಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದರಲ್ಲಿ.

ಹಾಗೆ ತೂಗಬಾರದೆಂಬುದನ್ನು 1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಕೀತ್, ವ್ಯಾಗೆನರ್ ಮತ್ತು ಬಾರ್ಕರ್ ತೋರಿಸಿಕೊಟ್ಟರು. 219 ರೋಗಿಗಳ ಕಣ್ಣಿನ ಒಳಪರದೆಯನ್ನು ಪರೀಕ್ಷಿಸಿ ಅವರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ಪ್ರತಿ ವರ್ಗದವರು ಎಷ್ಟು ಕಾಲ ಬದುಕಿದರೆಂಬುದನ್ನು ಲೆಕ್ಕ ಹಾಕಿದರು. ದೃಷ್ಟಿನರದ ಬುಡ ಊದಿಕೊಂಡಿದ್ದ ನಾಲ್ಕನೆಯ ವರ್ಗದಲ್ಲಿ ಒಂದು ವರ್ಷ ಕಳೆಯುವುದರೊಳಗೆ ಐವರಲ್ಲಿ ನಾಲ್ವರು ತೀರಿಕೊಂಡಿದ್ದರು; ಮೊದಲ ವರ್ಗದಲ್ಲಿ ಮೂರು ವರ್ಷಗಳ ಬಳಿಕವೂ ಬಹುಮಂದಿ ಬದುಕಿದ್ದರು. ಇಲ್ಲಿ ವರ್ಗವನ್ನು ನಿರ್ಧರಿಸಿದುದು ಪಾದರಸದ ಮಟ್ಟವಲ್ಲ, ಅಂಗಕ್ಕೆ ಆದ ಹಾನಿ ಎಂಬುದನ್ನು ವಾಚಕರು ಗಮನಿಸಬೇಕು. ಇಂದಿಗೂ ತುರ್ತುಚಿಕಿತ್ಸೆಯ ಅಡಿಗಲ್ಲು ಇದೇ. ಮಿದುಳು, ಹೃದಯ, ಮೂತ್ರಪಿಂಡ, ಕಣ್ಣು, ಮಹಾಧಮನಿ ಇವುಗಳಲ್ಲಿ ಯಾವುದಕ್ಕಾದರೂ ಆಗಿಂದಾಗ ಹಾನಿ ತಗಲುತ್ತಿದ್ದರೆ ಅದು ಪ್ರಾಣಸಂಕಟ. ಹಾಗಿಲ್ಲದಿದ್ದರೆ ಅಂಕಿ ಎಷ್ಟೇ ದೊಡ್ಡದಿರಲಿ ಗಂಟೆಗಳ ಲೆಕ್ಕದಲ್ಲಿ ಇಳಿಸುವ ಅಗತ್ಯವಿಲ್ಲ. ನೋವು, ಹೆದರಿಕೆ, ಮೂತ್ರ ಕಟ್ಟಿಕೊಳ್ಳುವಿಕೆ, ಮಾತ್ರೆಯನ್ನು ನಡುವೆ ಬಿಟ್ಟುಬಿಡುವಿಕೆ ಇವೆಲ್ಲವೂ ದೊಡ್ಡ ಅಂಕಿಯನ್ನು ತೋರಿಸಬಲ್ಲವು.

ಈ ಚರಿತ್ರೆಯಲ್ಲಿ ಎಲ್ಲರೂ ಹೇಳುವ ಕಥೆಯೆಂದರೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟನ ಮರಣ. ಔಷಧವಿಲ್ಲದಿದ್ದುದರಿಂದ ಜಗತ್ತಿನ ಅತ್ಯಂತ ಬಲಿಷ್ಠ ವ್ಯಕ್ತಿಯೂ ಸತ್ತನು ಎಂಬಷ್ಟಕ್ಕೆ ಅದನ್ನು ಮುಗಿಸಿಬಿಡುತ್ತಾರೆ. ಇತಿಹಾಸಕಾರನಿಗೆ ಈ ಪ್ರಸಂಗದಲ್ಲಿ ಅದಕ್ಕಿಂತ ಹೆಚ್ಚಿನ ಸಾಮಗ್ರಿಯಿದೆ. 1944ರ ಮಾರ್ಚಿಯ ಕೊನೆಯಲ್ಲಿ ಹೃದ್ರೋಗತಜ್ಞ ಹೊವರ್ಡ್ ಬ್ರೂಯೆನ್ ಪರೀಕ್ಷಿಸಿದಾಗ ಅಧ್ಯಕ್ಷನ ಒತ್ತಡ 186/108 ಇತ್ತು. ಹೃದಯವು ಹಿಗ್ಗಿ ಸೋಲತೊಡಗಿತ್ತು. ಆದರೂ ಅಧ್ಯಕ್ಷನ ಅಧಿಕೃತ ವೈದ್ಯನಾಗಿದ್ದ ನೌಕಾಧಿಪತಿ ಮ್ಯಾಕಿಂಟೈರ್ ಸಾರ್ವಜನಿಕರಿಗೆ ಆರೋಗ್ಯ ಚೆನ್ನಾಗಿದೆಯೆಂದೇ ಹೇಳುತ್ತ ಬಂದನು. ಬ್ರೂಯೆನ್ನನ ಕೈಯಲ್ಲಿದ್ದ ಉಪಾಯಗಳು ಡಿಜಿಟಾಲಿಸ್, ಉಪ್ಪಿಲ್ಲದ ಆಹಾರ, ವಿಶ್ರಾಂತಿ, ನಿದ್ರಾಜನಕ ಇಷ್ಟೇ. 1945ರ ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಮಧ್ಯಾಹ್ನ ಅಧ್ಯಕ್ಷನು ತಲೆಯ ಹಿಂಭಾಗದಲ್ಲಿ ವಿಪರೀತ ನೋವೆಂದು ಹೇಳಿ ಪ್ರಜ್ಞೆ ತಪ್ಪಿದನು.

ಆ ದಿನದ ಬ್ರೂಯೆನ್ನನ ಟಿಪ್ಪಣಿ ಗಮನಾರ್ಹವಾದುದು. 1-30ಕ್ಕೆ ಮೇಲಿನ ಅಂಕಿ 300ಕ್ಕಿಂತ ಹೆಚ್ಚು, ಕೆಳಗಿನದು 190. 2-45ಕ್ಕೆ 240/120. 3-15ಕ್ಕೆ 210/110. 3-35ಕ್ಕೆ ಮರಣ. ಈ ಅಂಕಿಗಳ ಸಾಲಿನಿಂದ ಗಳಿಗೆಗಳನ್ನು ಅಳಿಸಿ, ಕೊನೆಯ ಸಂಗತಿಯನ್ನೂ ಮುಚ್ಚಿ ಯಾರಿಗಾದರೂ ತೋರಿಸಿದರೆ ರೋಗಿಯು ಗುಣಮುಖನಾಗುತ್ತಿದ್ದಾನೆಂದೇ ಅವರು ತಿಳಿದಾರು. ಒತ್ತಡ ಇಳಿಯುತ್ತಿತ್ತು, ಮನುಷ್ಯನೂ ಇಳಿಯುತ್ತಿದ್ದನು. ಒತ್ತಡವನ್ನು ಇಳಿಸುವುದೇ ಚಿಕಿತ್ಸೆಯೆಂದು ನಂಬಿದವರಿಗೆ ಇದಕ್ಕಿಂತ ಕಠಿನವಾದ ಉತ್ತರ ದೊರೆಯದು. ಇನ್ನೂ ಒಂದು ವಿಚಾರವಿದೆ. ಅಧ್ಯಕ್ಷನ ಮೂಲ ವೈದ್ಯಕೀಯ ದಾಖಲೆ ಬೆಥೆಸ್ಡಾದ ನೌಕಾ ಆಸ್ಪತ್ರೆಯ ತಿಜೋರಿಯಿಂದ ಅವನ ಮರಣಾನಂತರ ಕಾಣೆಯಾಯಿತು. ನಮಗೆ ಉಳಿದಿರುವುದು ಬ್ರೂಯೆನ್ 1970ರಲ್ಲಿ ತನ್ನ ಸ್ವಂತ ಟಿಪ್ಪಣಿಗಳ ಆಧಾರದಿಂದ ಪ್ರಕಟಿಸಿದ ಲೇಖನ. ಅಂಕಿಯ ಪಕ್ಕದಲ್ಲಿ ಗಳಿಗೆಯನ್ನು ಬರೆದಿಟ್ಟ ಒಬ್ಬ ಕಿರಿಯ ವೈದ್ಯನಿಂದಾಗಿ ಆ ಮಧ್ಯಾಹ್ನವು ಚರಿತ್ರೆಗೆ ದೊರೆತಿದೆ.

ಇನ್ನು ನಮ್ಮ ಸರ್ಪಗಂಧ. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದದಲ್ಲಿಯೂ ರಕ್ತದೊತ್ತಡದಲ್ಲಿಯೂ ಉಪಯುಕ್ತವೆಂದು ಬರೆದರು. ಅದೇ ಕಾಲದಲ್ಲಿ ದಿಲ್ಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅದರಿಂದ ಕ್ಷಾರಸತ್ವಗಳನ್ನು ಬೇರ್ಪಡಿಸಿದನು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ತನ್ನ ರೋಗಿಗಳ ವಿವರಗಳನ್ನು ಪ್ರಕಟಿಸಿದ ಬಳಿಕ ಪಾಶ್ಚಾತ್ಯರ ಗಮನ ಇತ್ತ ಹರಿಯಿತು. 1952ರಲ್ಲಿ ಬಾಸೆಲ್ ನಗರದ ಸೀಬಾ ಸಂಸ್ಥೆಯ ವಿಜ್ಞಾನಿಗಳು ರಿಸರ್ಪಿನ್ ಎಂಬ ಸತ್ವವನ್ನು ಪಡೆದರು. ಇಷ್ಟೂ ನಿಜ, ಹೆಮ್ಮೆಪಡುವಂಥದೇ. ಆದರೆ ನಮ್ಮ ಲೇಖನಗಳು ಇಲ್ಲಿಗೆ ನಿಲ್ಲುತ್ತವೆ. ಮುಂದೆ ರಿಸರ್ಪಿನ್ನನ್ನು ಸೂಜಿಯ ಮೂಲಕ ತುರ್ತುರೋಗಿಗಳಿಗೂ ಕೊಡತೊಡಗಿದಾಗ ಆದುದೇನು? ಅದರ ಪರಿಣಾಮ ಕಾಣಿಸಲು ಗಂಟೆಗಳು ಬೇಕು, ಎಷ್ಟು ಇಳಿಯುವುದೆಂಬುದು ಊಹೆಗೆ ಸಿಗದು, ಜತೆಗೆ ಮಂಪರು. ಅರೆಪ್ರಜ್ಞೆಯಲ್ಲಿರುವ ರೋಗಿ ಔಷಧದಿಂದ ನಿದ್ದೆಹೋಗಿದ್ದಾನೋ ಮಿದುಳಿನಲ್ಲಿ ರಕ್ತ ಸುರಿದು ಪ್ರಜ್ಞೆ ಕಳೆದುಕೊಳ್ಳುತ್ತಿದ್ದಾನೋ ಎಂಬುದನ್ನು ತಿಳಿಯುವ ದಾರಿಯೇ ಮುಚ್ಚಿತು. ದೀರ್ಘಕಾಲದ ಚಿಕಿತ್ಸೆಯಲ್ಲಿ ಗುಣಕರವಾದುದು ಪ್ರಾಣಸಂಕಟದಲ್ಲಿ ಸಾಕ್ಷ್ಯನಾಶಕವಾಯಿತು. ಸ್ವದೇಶಾಭಿಮಾನದ ಚರಿತ್ರೆ ಈ ಎರಡನೆಯ ಭಾಗವನ್ನು ಬಿಟ್ಟುಬಿಡುವುದರಿಂದ ಆ ಮೂಲಿಕೆಗೂ ವಕೀಲರಿಗೂ ಯಾವ ಗೌರವವೂ ಸಲ್ಲುವುದಿಲ್ಲ.

ಔಷಧದಿಂದ ಪ್ರಯೋಜನವಿದೆಯೆಂಬುದು ನಿರ್ವಿವಾದವಾಗಿ ಸಿದ್ಧವಾದುದು 1967ರಲ್ಲಿ. ಎಡ್ವರ್ಡ್ ಫ್ರೈಸ್‌ನ ನೇತೃತ್ವದಲ್ಲಿ ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳಲ್ಲಿ ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಪುರುಷರ ಮೇಲೆ ನಡೆದ ಪ್ರಯೋಗದಲ್ಲಿ, ಔಷಧವಿಲ್ಲದ ಹುಸಿಮಾತ್ರೆ ಪಡೆದವರಲ್ಲಿ 27 ಗಂಭೀರ ಅನಾಹುತಗಳೂ, ಔಷಧ ಪಡೆದವರಲ್ಲಿ ಕೇವಲ 2 ಅನಾಹುತಗಳೂ ಸಂಭವಿಸಿದುವು. ಜಾನ್ ಹೇಯ ಪಂಥ ಅಲ್ಲಿಗೆ ಮುಗಿಯಿತು. ಅದರೊಡನೆ ಅವನ ಭಯದಲ್ಲಿದ್ದ ತಥ್ಯವೂ ಮರೆತುಹೋದುದು ದುರ್ದೈವ. ತಿಂಗಳುಗಟ್ಟಲೆ ಮಾತ್ರೆ ನುಂಗಿಸಿ ನಿಧಾನವಾಗಿ ಇಳಿಸಿದುದರಿಂದ ಬಂದ ಲಾಭವನ್ನು ಅರ್ಧ ಗಂಟೆಯಲ್ಲಿ ಇಳಿಸುವುದಕ್ಕೂ ಅನ್ವಯಿಸಿಬಿಟ್ಟರು. ಒಂದು ಪ್ರಮಾಣವನ್ನು ಅದು ಹುಟ್ಟಿದ ಸೀಮೆಯಿಂದ ಹೊರಗೆ ಒಯ್ದು ಪ್ರಯೋಗಿಸುವ ಈ ದೋಷ ಇತಿಹಾಸರಚನೆಯಲ್ಲಿಯೂ ಪರಿಚಿತವೇ.

ಹೀಗೆ ಆತುರದ ಕಾಲ ಆರಂಭವಾಯಿತು. ಅದರ ಲಾಂಛನ ನಿಫೆಡಿಪಿನ್ ಎಂಬ ಔಷಧದ ಮೆದು ಗುಳಿಗೆ. ಅದನ್ನು ಸೂಜಿಯಿಂದ ಚುಚ್ಚಿ ಒಳಗಿನ ದ್ರವವನ್ನು ನಾಲಗೆಯ ಕೆಳಗೆ ಹಿಂಡುವ ಪದ್ಧತಿ 1970ರ ದಶಕದ ಕೊನೆಯಿಂದ ಜಗತ್ತಿನಾದ್ಯಂತ ಹಬ್ಬಿತು. ನಮ್ಮ ದೇಶದ ಚಿಕಿತ್ಸಾಲಯಗಳಲ್ಲಿಯೂ ಬಳಕೆಗೆ ಬಂದಿತು. ಕೆಲವೇ ನಿಮಿಷಗಳಲ್ಲಿ ಅಂಕಿ ಇಳಿಯುತ್ತಿತ್ತು. ವೈದ್ಯನಿಗೂ ಸಮಾಧಾನ, ಮನೆಯವರಿಗೂ ಸಮಾಧಾನ. ನಾಲಗೆಯ ಕೆಳಗೆ ಈ ದ್ರವ ಹೀರಲ್ಪಡುವುದು ಅತ್ಯಲ್ಪವೆಂದೂ, ರೋಗಿ ನುಂಗಿದ ಭಾಗವೇ ಕೆಲಸ ಮಾಡುವುದೆಂದೂ ಪರೀಕ್ಷೆಗಳಿಂದ ಆಮೇಲೆ ತಿಳಿಯಿತು. ಆದುದರಿಂದ ಆ ಕ್ರಿಯೆಯಲ್ಲಿ ಔಷಧಶಾಸ್ತ್ರಕ್ಕಿಂತ ಆಚಾರದ ಅಂಶವೇ ಹೆಚ್ಚೆನ್ನಬೇಕು. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯ ಸಲಹಾಸಮಿತಿ 1985ರಲ್ಲಿಯೇ ಈ ಬಳಕೆಗೆ ಒಪ್ಪಿಗೆ ಕೊಡಲಿಲ್ಲ. ಬಳಕೆ ನಿಲ್ಲಲಿಲ್ಲ. ಪಾರ್ಶ್ವವಾಯು, ಹೃದಯಾಘಾತ, ಮರಣ ಇವುಗಳ ವರದಿಗಳನ್ನು ಒಟ್ಟುಗೂಡಿಸಿ ಗ್ರಾಸ್‌ಮನ್, ಮೆಸ್ಸರ್ಲಿ ಮೊದಲಾದವರು ಈ ಪದ್ಧತಿಯನ್ನು ಕೈಬಿಡಬೇಕೆಂದು ಬಹಿರಂಗವಾಗಿ ಕೇಳಿದುದು 1996ರಲ್ಲಿ. ನಡುವಣ ಹನ್ನೊಂದು ವರ್ಷಗಳಲ್ಲಿ ಎಷ್ಟು ಮಂದಿ ಹಾನಿಗೊಂಡರೆಂಬುದಕ್ಕೆ ಲೆಕ್ಕವಿಲ್ಲ. ಏತಕ್ಕೆಂದರೆ ಅಂಕಿ ಇಳಿದ ಬಳಿಕ ಏನಾಯಿತೆಂಬುದನ್ನು ಬರೆದಿಡುವ ಅಗತ್ಯ ಯಾರಿಗೂ ತೋರಿರಲಿಲ್ಲ.

ವಿಷಾದದ ಸಂಗತಿಯೆಂದರೆ, ಆತುರವೇಕೆ ಅಪಾಯಕರವೆಂಬುದಕ್ಕೆ ಶಾಸ್ತ್ರೀಯ ವಿವರಣೆ ಆ ವೇಳೆಗಾಗಲೇ ಸಿದ್ಧವಿತ್ತು. ಒತ್ತಡವು ಒಂದು ಮಿತಿಯೊಳಗೆ ಏರಿಳಿದರೂ ಮಿದುಳಿಗೆ ಹರಿಯುವ ರಕ್ತದ ಪ್ರಮಾಣ ಬದಲಾಗದಂತೆ ಅಲ್ಲಿನ ನಾಳಗಳು ತಾವೇ ಹಿಗ್ಗಿ ಕುಗ್ಗಿ ನೋಡಿಕೊಳ್ಳುತ್ತವೆ. ನಾಲೆಯಲ್ಲಿ ನೀರು ಹೆಚ್ಚಾದರೂ ಕಡಿಮೆಯಾದರೂ ತೂಬನ್ನು ಸರಿಪಡಿಸಿ ಗದ್ದೆಗೆ ಒಂದೇ ಸಮನೆ ನೀರು ಬಿಡುವ ರೈತನ ಜಾಣ್ಮೆ ಇದು. ವರ್ಷಗಟ್ಟಲೆ ಹೆಚ್ಚಿನ ಒತ್ತಡದಲ್ಲಿಯೇ ಬದುಕಿದವರಲ್ಲಿ ಈ ಮಿತಿಯೇ ಮೇಲಕ್ಕೆ ಸರಿದಿರುತ್ತದೆಂದು ಕೋಪನ್‌ಹೇಗನ್ನಿನ ಸ್ಟ್ರಾಂಡ್‌ಗಾರ್ಡ್ ಮತ್ತು ಸಂಗಡಿಗರು 1973ರಲ್ಲಿ ತೋರಿಸಿದರು. ಅಂಥವರಿಗೆ ಆರೋಗ್ಯವಂತನ ಒತ್ತಡವೇ ಬರಗಾಲ. ಇದಕ್ಕೆ ಪ್ರತಿಯಾಗಿ, ಮೊನ್ನೆಯವರೆಗೆ ಒತ್ತಡ ಸಹಜವಾಗಿದ್ದ ಯುವತಿಯಲ್ಲಿ ಮಿತಿ ಕೆಳಗೇ ಇರುತ್ತದೆ. ಹತ್ತು ವರ್ಷಗಳಿಂದ ರೋಗವಿರುವ ಮುದುಕನಲ್ಲಿ 200 ಎಂಬುದು ಕಾದು ನೋಡಬಹುದಾದ ಅಂಕಿಯಾಗಿರಬಹುದು. ಇಪ್ಪತ್ತೆರಡರ ಗರ್ಭಿಣಿಯಲ್ಲಿ 170 ಎಂಬುದು ಗಂಟೆಯೊಳಗೆ ಉಪಾಯ ಕಾಣಬೇಕಾದ ಅಂಕಿ.

ಇಂದಿನ ನಿಯಮಗಳಲ್ಲಿ ಈ ವಿವೇಕ ಸೇರಿಕೊಂಡಿದೆ. 2017ರ ಅಮೆರಿಕದ ಮಾರ್ಗಸೂಚಿಯ ಪ್ರಕಾರ ಅಂಗಹಾನಿಯಿರುವ ಸಾಮಾನ್ಯ ರೋಗಿಯಲ್ಲಿ ಮೊದಲ ಗಂಟೆಯಲ್ಲಿ ಶೇಕಡಾ 25ಕ್ಕಿಂತ ಹೆಚ್ಚು ಇಳಿಸಕೂಡದು. ಆಮೇಲಿನ 2ರಿಂದ 6 ಗಂಟೆಗಳಲ್ಲಿ 160/100ರ ಸುತ್ತಿಗೆ. ಸಹಜಮಟ್ಟಕ್ಕೆ ಬರುವುದು ಒಂದೆರಡು ದಿನಗಳಲ್ಲಿ. ಅಪವಾದಗಳೂ ಇವೆ. ಮಹಾಧಮನಿಯ ಗೋಡೆ ಸೀಳಿದ್ದರೆ ಒಂದು ಗಂಟೆಯೊಳಗೆ ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗೆ ತರಬೇಕು. ರಕ್ತನಾಳ ಮುಚ್ಚಿಹೋಗಿ ಆದ ಪಾರ್ಶ್ವವಾಯುವಿನಲ್ಲಿ, ಹೆಪ್ಪು ಕರಗಿಸುವ ಔಷಧ ಕೊಡದ ಪಕ್ಷದಲ್ಲಿ, 220/120 ದಾಟುವವರೆಗೂ ಸಾಮಾನ್ಯವಾಗಿ ಕೈಹಾಕಬಾರದು. ಆಸ್ಪತ್ರೆಯ ತೀವ್ರನಿಗಾ ವಿಭಾಗದಲ್ಲಿ ಮಣಿಕಟ್ಟಿನ ಧಮನಿಯಲ್ಲಿ ಸಣ್ಣ ನಳಿಕೆಯಿಟ್ಟು ಬಡಿತಬಡಿತದ ಒತ್ತಡವನ್ನು ಪರದೆಯ ಮೇಲೆ ನೋಡುತ್ತ, ಲ್ಯಾಬೆಟಲಾಲ್, ನಿಕಾರ್ಡಿಪಿನ್, ನೈಟ್ರೊಪ್ರಸ್ಸೈಡ್ ಮೊದಲಾದುವನ್ನು ಹನಿಹನಿಯಾಗಿ ಏರಿಸಿ ತಗ್ಗಿಸುತ್ತಾರೆ. ಈ ಔಷಧಗಳ ಮುಖ್ಯ ಗುಣ ಪ್ರಾಬಲ್ಯವಲ್ಲ, ಪ್ರಮಾಣವನ್ನು ಬೇಕಾದಂತೆ ಹೊಂದಿಸಬಹುದಾಗಿರುವುದು ಎಂಬುದನ್ನು ಔಷಧವಿಜಯದ ಚರಿತ್ರೆಕಾರರು ಹೇಳುವುದೇ ಇಲ್ಲ.

2024ರಲ್ಲಿ ಚೀನದಿಂದ ಪ್ರಕಟವಾದ ಪ್ರಯೋಗವೊಂದು ನನ್ನ ವಾದಕ್ಕೆ ಬಲವಾದ ಆಧಾರ. ಪಾರ್ಶ್ವವಾಯು ಬಡಿದಂತೆ ತೋರಿದ 2404 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಂಬ್ಯುಲೆನ್ಸಿನಲ್ಲಿಯೇ ಒತ್ತಡ ಇಳಿಸುವ ಸೂಜಿ ಕೊಟ್ಟರು. ಒಟ್ಟಾರೆ ನೋಡಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆಸ್ಪತ್ರೆಯಲ್ಲಿ ಮಿದುಳಿನ ಚಿತ್ರ ತೆಗೆದು ವಿಂಗಡಿಸಿದಾಗ, ರಕ್ತ ಸುರಿದವರಿಗೆ ಸೂಜಿಯಿಂದ ಒಳ್ಳೆಯದಾಗಿತ್ತು. ನಾಳ ಮುಚ್ಚಿಹೋದವರಿಗೆ ಕೆಟ್ಟದಾಗಿತ್ತು. ಅದೇ ಅಂಕಿ, ಅದೇ ಔಷಧ, ಅದೇ ವಾಹನ, ಫಲ ತದ್ವಿರುದ್ಧ. ಎರಡನ್ನು ಕೂಡಿಸಿ ಸೊನ್ನೆಯೆಂದು ಬರೆದರೆ ಲೆಕ್ಕ ಸರಿ, ಚರಿತ್ರೆ ತಪ್ಪು.

ಈ ವಾಹನದ ಮಾತು ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದುದು. ಕೃಷ್ಣೆಯ ಬಯಲಿನಲ್ಲಿರುವ ಐನಾಪುರ ಹಿಂದೆ ಅಥಣಿ ತಾಲೂಕಿನಲ್ಲಿದ್ದು ಈಗ ಕಾಗವಾಡ ತಾಲೂಕಿಗೆ ಸೇರಿದೆ. ಜಿಲ್ಲೆಯ ಮುಖ್ಯಸ್ಥಳ ಬೆಳಗಾವಿಯಾದರೂ ಹತ್ತಿರದ ದೊಡ್ಡ ಆಸ್ಪತ್ರೆಗಳಿರುವುದು ಮಿರಜ-ಸಾಂಗಲಿಗಳಲ್ಲಿ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆಯನ್ನು ತೆರೆದಂದಿನಿಂದ ಈ ಭಾಗದ ರೋಗಿಗಳ ದಾರಿ ಅತ್ತಲೇ ಇದೆ. 1956ರ ರಾಜ್ಯ ಪುನರ್ವಿಂಗಡಣೆ ಊರುಗಳ ನಡುವೆ ಗಡಿಯೆಳೆಯಿತಾದರೂ ರೋಗಿಗಳ ದಾರಿಯನ್ನು ತಿರುಗಿಸಲಿಲ್ಲ. ಅದನ್ನು ಕೆಲವು ದಿನ ಕಡಿಯಲು ಶಕ್ತವಾದುದು 2019ರ ಆಗಸ್ಟಿನ ಮಹಾಪೂರ. 'ಬಿಪಿ ಏರೇತಿ' ಎಂದೋ 'ಲಕ್ವಾ ಹೊಡೆದೇತಿ' ಎಂದೋ ಹೊರಟ ಮನೆಯವರಿಗೆ ಇವೆರಡರ ನಡುವೆ ಆಂಬ್ಯುಲೆನ್ಸಿನಲ್ಲಿ ಆಗಬಹುದಾದ ತಪ್ಪು ಏನೆಂಬುದನ್ನು ಯಾರೂ ಹೇಳಿರುವುದಿಲ್ಲ. ತೀವ್ರ ಅಸ್ವಸ್ಥನ ಚಿಕಿತ್ಸೆ ಆಸ್ಪತ್ರೆಯ ಹಾಸಿಗೆಯಲ್ಲಿ ಆರಂಭವಾಗುವುದೆಂದು ಗ್ರಂಥಗಳು ಭಾವಿಸುತ್ತವೆ. ಇಲ್ಲಿ ಅದು ಆರಂಭವಾಗುವುದು ರಸ್ತೆಯ ಮೇಲೆ.

ಈ ರಸ್ತೆಯನ್ನೇ ವಿಷಯವಾಗಿ ತೆಗೆದುಕೊಂಡ ಒಂದು ದೊಡ್ಡ ಪ್ರಯೋಗ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆಯೆಂಬುದು ಇತಿಹಾಸ ವಿಭಾಗಗಳಲ್ಲಿ ಇರಲಿ, ಪತ್ರಿಕೆಗಳಲ್ಲಿಯೂ ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯದವರು ಕೆನಡದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರೊಡಗೂಡಿ 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ 12 ಕ್ಷೇತ್ರಗಳಲ್ಲಿ 'ಕ್ಲಿಪ್' ಎಂಬ ಹೆಸರಿನ ಈ ಪ್ರಯೋಗವನ್ನು ನಡೆಸಿದರು. ವಿಷಯ, ಗರ್ಭನಂಜು: ಗರ್ಭಿಣಿಯಲ್ಲಿ ರಕ್ತದೊತ್ತಡ ಏರಿ, ಕೆಲವೊಮ್ಮೆ ಸೆಳವು ಬಂದು, ತಾಯಿ-ಮಗು ಇಬ್ಬರ ಪ್ರಾಣಕ್ಕೂ ಎರವಾಗುವ ವ್ಯಾಧಿ. ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಹಾಯಕಿಯರೂ ಮನೆಮನೆಗೆ ಹೋಗಿ ಒತ್ತಡ ಅಳೆದು, ಕೈಯಲ್ಲಿಯ ಸಾಧನದ ಸೂಚನೆಯಂತೆ ಅಪಾಯವನ್ನು ಅಂದಾಜಿಸಿ, ಅಗತ್ಯ ಬಿದ್ದಲ್ಲಿ 750 ಮಿಲಿಗ್ರಾಂ ಮಿಥೈಲ್‌ಡೋಪಾ ಮಾತ್ರೆಯನ್ನೂ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟಿನ ಸೂಜಿಯನ್ನೂ ಕೊಟ್ಟು ಆಸ್ಪತ್ರೆಗೆ ಕಳುಹಿಸುವುದು ಯೋಜನೆ. ಮೆಗ್ನೀಸಿಯಂ ಸೆಳವಿನ ಸಂಭವವನ್ನು ಅರ್ಧಕ್ಕಿಂತ ಕಡಿಮೆ ಮಾಡುವುದೆಂದು 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಸ್ತ್ರೀಯರ ಪ್ರಯೋಗದಿಂದ 2002ರಲ್ಲಿಯೇ ಸಿದ್ಧವಾಗಿತ್ತು. ಮಿಥೈಲ್‌ಡೋಪಾ ನಿಧಾನದ ಔಷಧ. ಹಳ್ಳಿಯ ಮನೆಯಲ್ಲಿ ಒತ್ತಡ ಧಡಕ್ಕನೆ ಬೀಳದಂತೆ ಅದನ್ನು ಆರಿಸಿದುದರಲ್ಲಿ ಹಿಂದಿನ ಚರಿತ್ರೆಯ ಪಾಠ ಕಾಣುತ್ತದೆ.

14,783 ಗರ್ಭಿಣಿಯರ ಅನುಭವವನ್ನೊಳಗೊಂಡ ಈ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಜನೆ ನಡೆದ ಕ್ಷೇತ್ರಗಳಿಗೂ ನಡೆಯದ ಕ್ಷೇತ್ರಗಳಿಗೂ ತಾಯಿ-ಮಕ್ಕಳ ಸಾವುನೋವುಗಳಲ್ಲಿ ಗಣನೀಯ ಅಂತರ ಕಾಣಲಿಲ್ಲ. ಔಷಧಗಳಿಂದ ಕೆಡುಕೂ ಆಗಿರಲಿಲ್ಲ. ಮೊಜಾಂಬಿಕ್ ಮತ್ತು ಪಾಕಿಸ್ತಾನಗಳಲ್ಲಿ ನಡೆದ ಇದೇ ಬಗೆಯ ಪ್ರಯೋಗಗಳೊಡನೆ ಕೂಡಿಸಿ ನೋಡಿದಾಗಲೂ ಉತ್ತರ ಅದೇ. ಹೀಗೆ ಸೋತ ಪ್ರಯೋಗವನ್ನು ಪ್ರಾಮಾಣಿಕವಾಗಿ ಪ್ರಕಟಿಸಿದುದು ಮೊದಲು ಮೆಚ್ಚತಕ್ಕ ವಿಷಯ. ಆದರೆ ವರದಿಯ ಒಂದು ಭಾಗವನ್ನು ಕುರಿತು ಆಕ್ಷೇಪವೆತ್ತಬೇಕಾಗಿದೆ. ಎಂಟು ಅಥವಾ ಹೆಚ್ಚು ಬಾರಿ ಭೇಟಿ ಪಡೆದ ಸ್ತ್ರೀಯರಲ್ಲಿ, ಭೇಟಿಯೇ ಇಲ್ಲದವರಿಗಿಂತ, ಗರ್ಭದಲ್ಲಿಯೇ ಶಿಶು ಸಾಯುವುದು ಬಹಳ ಕಡಿಮೆಯಿತ್ತೆಂದು ಅಲ್ಲಿ ಹೇಳಿದೆ. ಆದುದರಿಂದ ಭೇಟಿಗಳನ್ನು ಹೆಚ್ಚಿಸಿದರೆ ಶಿಶುಗಳು ಉಳಿಯುತ್ತವೆಂದು ಓದುಗನು ಸಹಜವಾಗಿ ತಿಳಿಯುವನು. ಇದು ನಿಲ್ಲದ ತರ್ಕ. ಆರನೆಯ ತಿಂಗಳಲ್ಲಿಯೇ ಗರ್ಭ ಕಳೆದುಕೊಂಡ ಹೆಂಗಸಿಗೆ ಎಂಟು ಭೇಟಿಗಳು ಆಗುವುದಾದರೂ ಹೇಗೆ? ಶಿಶು ಬದುಕಿ ದಿನಗಳು ತುಂಬಿದ್ದರಿಂದಲೇ ಭೇಟಿಗಳು ಎಂಟಾದುವೆಂದೂ ಹೇಳಬಹುದು. ತಾಳೆಗರಿಯ ದಾನಪತ್ರಗಳು ನಶಿಸಿ ಕಲ್ಲಿನವು ಉಳಿದಿರಲು, ಕಲ್ಲಿನಲ್ಲಿ ಬರೆಯಿಸಿದವರೇ ಹೆಚ್ಚು ಉದಾರಿಗಳೆಂದು ತೀರ್ಮಾನಿಸುವ ಚರಿತ್ರೆಕಾರನ ಸ್ಥಿತಿ ಇದು. ಕ್ಷೇತ್ರಗಳನ್ನು ಚೀಟಿಯೆತ್ತಿ ಹಂಚಿದ್ದರು. ಭೇಟಿಗಳ ಸಂಖ್ಯೆಯನ್ನು ಹಾಗೆ ಹಂಚಿರಲಿಲ್ಲ.

ನನಗೆ ತೋರುವಂತೆ ಈ ವರದಿಯ ನಿಜವಾದ ಬೆಲೆ ಅದರ ಸೋಲಿನಲ್ಲಿಯೇ ಇದೆ. ಯೋಜನೆ ಊರಿನಿಂದ ಆಸ್ಪತ್ರೆಯ ಬಾಗಿಲವರೆಗೆ ಬಂದು ನಿಂತಿತು. ಬಾಗಿಲೊಳಗಿನ ಚಿಕಿತ್ಸೆಯನ್ನು ಅದು ಮುಟ್ಟಲಿಲ್ಲ. ಕೇವಲ ಸಮುದಾಯದ ಮಟ್ಟದ ಕ್ರಮದಿಂದ ಫಲವಾಗಲಿಲ್ಲವೆಂದು ಲೇಖಕರೇ ಒಪ್ಪಿರುವರು. ಬಾಗಿಲೊಳಗಿನ ಅರ್ಧಕ್ಕೆ ಸಾಕ್ಷ್ಯ ಬೇಕಾದರೆ ನಾಗಪುರದತ್ತ ನೋಡಬೇಕು. ಅಲ್ಲಿನ ಎರಡು ಸರಕಾರಿ ಆಸ್ಪತ್ರೆಗಳಲ್ಲಿ ತೀವ್ರ ರಕ್ತದೊತ್ತಡದ 894 ಗರ್ಭಿಣಿಯರಿಗೆ ಮೂರು ಬಗೆಯ ಬಾಯಿಮಾತ್ರೆಗಳನ್ನು ಕೊಟ್ಟು ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಆರು ಗಂಟೆಗಳೊಳಗೆ ಕೇಡಿಲ್ಲದೆ ಒತ್ತಡ ಹತೋಟಿಗೆ ಬಂದುದು ನಿಫೆಡಿಪಿನ್ ಪಡೆದವರಲ್ಲಿ ಶೇಕಡಾ 84, ಲ್ಯಾಬೆಟಲಾಲ್ ಪಡೆದವರಲ್ಲಿ 77, ಮಿಥೈಲ್‌ಡೋಪಾ ಪಡೆದವರಲ್ಲಿ 76. ನಿಫೆಡಿಪಿನ್! ನಾಲಗೆಯ ಕೆಳಗೆ ಹಿಂಡಿ ಅಪಕೀರ್ತಿಗೊಳಗಾದ ಆ ಔಷಧವೇ, ಮೆಲ್ಲಗೆ ಕರಗುವ ಮಾತ್ರೆಯ ರೂಪದಲ್ಲಿ, ಗಂಟೆಗಂಟೆಗೆ ಅಳೆದು ಕೊಟ್ಟಾಗ ಮೇಲಾಗಿ ಕಂಡಿತು. ಔಷಧಗಳನ್ನು ನಾಯಕ-ಖಳರನ್ನಾಗಿ ಮಾಡಿ ಬರೆದ ಚರಿತ್ರೆ ಈ ಸಂಗತಿಯನ್ನು ಹೇಗೆ ವಿವರಿಸೀತು?

ಕೊನೆಯದಾಗಿ ಒಂದು ಬಗೆಯ ದಾಖಲೆಯ ಬಗ್ಗೆ ಹೇಳಬೇಕು. ಇದು ಯಾವ ಪತ್ರಾಗಾರದಲ್ಲಿಯೂ ಸಿಗುವುದಿಲ್ಲ. ಊರಿನ ವೈದ್ಯನು ದೊಡ್ಡ ಆಸ್ಪತ್ರೆಗೆ ಬರೆದುಕೊಡುವ ಚೀಟಿ ಅದು. ಗಡಿ ದಾಟುವಾಗ ಸಂಬಂಧಿಕರ ಮಾತು ಕನ್ನಡ, ಕೇಳುವವರದು ಬಹುಶಃ ಮರಾಠಿ (ಮಿರಜದಲ್ಲಿ ಕನ್ನಡ ಬಲ್ಲವರು ಕಡಿಮೆಯಿಲ್ಲ, ಆ ಮಾತು ಬೇರೆ). ಆದ್ದರಿಂದ ತೊಡಕಿಲ್ಲದೆ ಆಚೆ ಮುಟ್ಟುವುದು ಅಂಕಿಯೊಂದೇ. ಚೀಟಿಯಲ್ಲಿ 170/100 ಎಂದು ಬರೆದಿದೆಯೆನ್ನಿ. ಅದು 130ರಿಂದ ಏರಿ ಬಂದುದೋ, ಸೂಜಿ ಹಾಕಿದ ಮೇಲೆ 240ರಿಂದ ಇಳಿದುದೋ? ಏರಿ ಬಂದುದಾದರೆ ರಾತ್ರಿಪಾಳಿಯ ವೈದ್ಯನು ಇಳಿಸಬೇಕು. ಇಳಿದುದಾದರೆ ಕೈ ಹಿಡಿಯಬೇಕು. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ, ಅದಕ್ಕೆ ಮುಂಚಿನ ಅಂಕಿ ಯಾವುದು, ರೋಗಿ ಮಾತಾಡುತ್ತಿದ್ದನೇ, ಕೈಕಾಲು ಆಡುತ್ತಿದ್ದುವೇ: ಇಷ್ಟಕ್ಕೆ ಬೇಕಾಗುವುದು ನಾಲ್ಕು ಸಾಲು. ಬ್ರೂಯೆನ್ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟದ್ದೂ ಹೆಚ್ಚುಕಡಿಮೆ ಇಷ್ಟೇ ಸಂಗತಿಗಳನ್ನು. 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿರುವ 108ರ ವಾಹನಗಳಲ್ಲಿಯೂ, ತಾಲೂಕು ಆಸ್ಪತ್ರೆಗಳ ಕಳುಹಿಸುಚೀಟಿಗಳಲ್ಲಿಯೂ ಅಂಕಿಯ ಪಕ್ಕದಲ್ಲಿ ಗಳಿಗೆಗೊಂದು ಮನೆ, ಮುಂಚಿನ ಅಂಕಿಗೊಂದು ಮನೆ, ಕೊಟ್ಟ ಔಷಧಕ್ಕೊಂದು ಮನೆ ಕಡ್ಡಾಯವಾಗಿ ಇರಬೇಕು. ಆ ಮನೆಗಳು ಖಾಲಿಯಿದ್ದರೆ ಒಯ್ದವರನ್ನು ಕೇಳಿ ತುಂಬಿದ ಬಳಿಕವೇ ಹೊಸ ಔಷಧದ ಮಾತು ಬರಬೇಕು.